ತುದಿಯ ಮಡಿ ಮೊದಲು

ಇವತ್ತು ಬೆಳಗ್ಗೆ ಕಾಲುವೆಗೆ ನೀರು ಬಂದಿದೆ. ಹೋಗಿ ನೋಡಬೇಕಾಗಿಲ್ಲ, ಒಣಗಿದ ಮಣ್ಣು ಮೊದಲ ನೀರು ಕುಡಿಯುವಾಗ ಏಳುವ ವಾಸನೆ ಚಿಮ್ಮಡದ ನಮ್ಮ ಅಡುಗೆಮನೆಯವರೆಗೂ ಬರುತ್ತದೆ. ಬೇರೆಯವರಿಗೆ ಅದರಿಂದ ಕಬ್ಬೋ ಬೆಲ್ಲವೋ ನೆನಪಾದೀತು. ನನಗೆ ನೆನಪಾಗುವುದು ದುಡ್ಡು ಕೊಟ್ಟು ಓದಬೇಕಾದ, ಇಂಟರ್‌ನೆಟ್ಟಿನ ಒಂದು ಲೇಖನ ಭಂಡಾರ. ನಗಬೇಡಿ, ಕಾರಣ ಹೇಳುತ್ತೇನೆ.

ಆಗ ನಾನು ಜಮಖಂಡಿಯ ಕಾಲೇಜೊಂದರಲ್ಲಿ ಸಮಾಜಶಾಸ್ತ್ರ ಕಲಿಸುತ್ತಿದ್ದೆ. ಜೊತೆಗೆ ಪಿಎಚ್.ಡಿ.ಯ ಹುಚ್ಚು. ವಿಷಯ ಹುಡುಕಿಕೊಂಡು ದೂರವೇನೂ ಹೋಗಿರಲಿಲ್ಲ. ಗಂಡನ ಮನೆಯವರು ಕುರುಬರ ದೇವರು ಬೀರೇಶ್ವರನ ಒಕ್ಕಲು. ಮಾವನವರೇ ಹರೆಯದಲ್ಲಿ ಕುರಿ ಹಿಂಡಿನ ಹಿಂದೆ ಊರೂರು ತಿರುಗಿದವರು. ಸುಗ್ಗಿ ಮುಗಿದ ಹೊಲದಲ್ಲಿ ಹಿಂಡನ್ನು ರಾತ್ರಿ ತರುಬಿದರೆ, ಅಂದರೆ ಕೂಡಿಹಾಕಿ ಮಲಗಿಸಿದರೆ, ಹೊಲದವನಿಗೆ ಗೊಬ್ಬರ, ಕುರಿಯವನಿಗೆ ಜೋಳ. ಹಿಪ್ಪರಗಿ ಬ್ಯಾರೇಜಿನ ನೀರು ಬಂತು, ಕಬ್ಬು ಬಂತು, ಹೊಲ ಖಾಲಿ ಬೀಳುವುದೇ ನಿಂತಿತು. ಇನ್ನು ಹಿಂಡು ತರುಬುವುದೆಲ್ಲಿ? ನನ್ನ ಪ್ರಬಂಧವೆಲ್ಲ ಇಷ್ಟೇ. ಇದನ್ನೇ ನಾನೂರು ಪುಟ ಹಿಗ್ಗಿಸುವ ಕಲೆಗೆ ಸಂಶೋಧನೆ ಎನ್ನುತ್ತಾರೆ.

ಕೊನೆಯ ಅಧ್ಯಾಯ ಮಾತ್ರ ನಿಂತುಬಿಟ್ಟಿತ್ತು. ಕುರಿ ತರುಬುವುದರ ಬಗ್ಗೆ ಪರದೇಶದ ವಿದ್ವಾಂಸರೊಬ್ಬರು ಬರೆದ ಹಳೆಯ ಲೇಖನವೊಂದಿತ್ತು. "ಅದನ್ನ ಓದಲಾರದ ಬರದ್ರ ನಾ ಸಹಿ ಮಾಡಂಗಿಲ್ಲ" ಎಂದು ಧಾರವಾಡದ ನನ್ನ ಮಾರ್ಗದರ್ಶಕರು ಹೇಳಿಬಿಟ್ಟಿದ್ದರು. ಒಮ್ಮೆ ಅವಧಿ ವಿಸ್ತರಿಸಿಕೊಂಡಾಗಿತ್ತು, ಆ ವರ್ಷ ಮುಗಿಸದಿದ್ದರೆ ಅಷ್ಟೂ ವರ್ಷದ ಕೆಲಸ ನೀರಲ್ಲಿ ಹೋಮ. ಭಂಡಾರದಲ್ಲಿ ಆ ಲೇಖನ ಇತ್ತು. ಮೊದಲ ಪುಟ ಪುಕ್ಕಟೆ, ಮುಂದಿನದಕ್ಕೆ ಬೀಗ. ಆ ಮೊದಲ ಪುಟವಾದರೂ ಎಲ್ಲಿ ಮುಗಿಯುತ್ತಿತ್ತು ಅಂತೀರಿ? "ಆದರೆ" ಎಂಬಲ್ಲಿ. ಆದರೆ ಏನು ಎಂದು ಯೋಚಿಸುತ್ತ ನಾನು ಎಷ್ಟೋ ಸಲ ರೊಟ್ಟಿ ಹೊತ್ತಿಸಿದ್ದೇನೆ. ಕಡೆಗೆ ಗಂಡನ ಕಾರ್ಡಿನಿಂದ ದುಡ್ಡು ಕಟ್ಟಿ ಒಂದು ತಿಂಗಳ ಚಂದಾ ತೆಗೆದುಕೊಂಡೆ.

"ಒಂದ ತಿಂಗಳಾ? ಆಮ್ಯಾಗ?" ಎಂದು ಮಾವನವರು ಕೇಳಿದರು.

"ಆಮ್ಯಾಗ ಬಂದ್ ಆಗತೈತ್ರಿ ಮಾವಾರ."

"ಅಂದ್ರ ಪಾಳಿ ಇದ್ದಂಗ."

ನಮ್ಮ ಕಡೆ ಕಾಲುವೆ ನೀರು ಪಾಳಿಯ ಮೇಲೆ ಬರುತ್ತದೆ. ನಿಮ್ಮ ಪಾಳಿ ಇರುವಷ್ಟು ಹೊತ್ತು ನೀರು ನಿಮ್ಮದು, ಮುಗಿದರೆ ಬಾಜೂ ಹೊಲದವರದು. ಪಾಳಿ ಬಂದ ಮನೆಯಲ್ಲಿ ಊಟದ ಹೊತ್ತು ಯಾರೂ ಕೇಳುವುದಿಲ್ಲ, ಬೀಗರು ಬಂದರೂ ಬಾಗಿಲಲ್ಲೇ ಕೂತಿರಬೇಕು. ಮಾವನವರು ಅದೇ ಗಾಂಭೀರ್ಯದಿಂದ ಕುರ್ಚಿ ಎಳೆದುಕೊಂಡು ನನ್ನ ಲ್ಯಾಪ್‌ಟಾಪಿನ ಪಕ್ಕ ಕೂತರು. ಸಿಗ್ನಲ್ ಸಿಗಲೆಂದು ನೆಟ್ಟಿನ ಕಡ್ಡಿಯನ್ನು, ಅಂದರೆ ಡಾಂಗಲ್ಲನ್ನು, ಕಿಟಕಿಯ ಸರಳಿಗೆ ದಾರದಿಂದ ಅವರೇ ಕಟ್ಟಿದರು.

"ಯಾವದ ಮೊದಲ ಇಳಸ್ತಿ?"

"ಬೇಕಾಗಿದ್ದನ್ನರಿ."

"ಹಂಗ ಮಾಡಬ್ಯಾಡ ಯವ್ವಾ. ನೀರ ಬಿಟ್ಟಾಗ ಹೊಲದ ತುದಿ ಮಡಿ ಮೊದಲ ತೋಯಿಸಬೇಕು. ಕಾಲವಿ ಬುಡದಾಗಿಂದ ಎಲ್ಲಿ ಓಡಿ ಹೋಗತೈತಿ?"

ತರಗತಿಯಲ್ಲಿ ಸಂಶೋಧನಾ ವಿಧಾನ ಬೋಧಿಸುತ್ತಿದ್ದ ನನಗೆ ಈ ಮಾತು ಎಷ್ಟು ಸರಿ ಕಂಡಿತೆಂದರೆ, ಎಲ್ಲಕ್ಕಿಂತ ದೂರದ ಲೇಖನಗಳಿಂದಲೇ ಡೌನ್‌ಲೋಡ್ ಶುರು ಮಾಡಿದೆ. ಹಿಮಾಲಯದ ಕುರಿ, ಮಂಗೋಲಿಯಾದ ಉಣ್ಣೆ, ಮರುಭೂಮಿಯ ಒಂಟೆ. ಚಹಾ ತಂದ ಅತ್ತೆ ಪರದೆಯನ್ನು ನೋಡಿ, "ಒಂಟಿ ಯಾಕ?" ಎಂದರು.

"ಇರ್ಲಿ ಬಿಡು. ಪಾಳಿಯೊಳಗ ಐತಿ" ಎಂದರು ಮಾವ.

ಮರುದಿನ ಮಧ್ಯಾಹ್ನ ಇನ್ನೇನು ನಮ್ಮ ಕುರಿಯ ಲೇಖನದ ಸರದಿ ಬರಬೇಕು, ಪರದೆಯ ಮೇಲೆ ಕೆಂಪು ಅಕ್ಷರ ಮೂಡಿತು. ಮಿತಿ ಮೀರಿ ಇಳಿಸಿಕೊಂಡಿದ್ದರಿಂದ ನಿಮ್ಮ ಖಾತೆಯನ್ನು ತಡೆಹಿಡಿಯಲಾಗಿದೆ.

ನನಗೆ ಅಳುವೇ ಬಂತು. ಮಾವನವರ ಮೇಲೆ ಸಿಟ್ಟೂ ಬಂತು, ಒಂಟೆಗಳ ಮೇಲೆ ಇನ್ನೂ ಹೆಚ್ಚು. ಅವರು ಅಂಗಳದಲ್ಲಿ ಅತ್ತಿತ್ತ ತಿರುಗಾಡಿ ಒಳಗೆ ಬಂದರು.

"ತೂಬ ಮುಚ್ಚಿದಾಂವ ಯಾಂವ?"

"ಯಾರೋ ಪರದೇಶದವರ್ರಿ."

"ಮನಷ್ಯಾ ಹೌದಲ್ಲ? ಹಂಗಾರ ಬರಿ. ಹೆಚ್ಚಿಗಿ ನೀರ ಎಳಕೊಂಡಾಂವ, ಮಂದಿ ಹುಡಿಕ್ಕೋತ ಬರೂದರಾಗ ತಾನ ಹೋಗಿ ಹೇಳಬೇಕು. ಕಾಲವಿ ಮ್ಯಾಲ ಹಂಗ ನಡೀತೈತಿ."

ಅವರು ನಿಂತುಕೊಂಡೇ ಹೇಳಿದರು, ನಾನು ಬರೆದುಕೊಂಡೆ. "ನಾವು ನೀರಾವರಿ ಮಂದಿ. ನಿಮ್ಮ ರೂಢಿ ನಮಗ ಗೊತ್ತಿರಲಿಲ್ಲ. ಖರೆ ಹೇಳಬೇಕಂದ್ರ ಒಂಟಿ ನಮಗ ಬೇಕಾಗಿರಲೇ ಇಲ್ಲ. ಕುರಿದೊಂದ ಬಿಟ್ಟಕೊಡ್ರಿ, ಸಾಕು." ಒಂಟೆಯನ್ನೂ ಬಿಡದೆ ಹಾಗ್ಹಾಗೇ ಇಂಗ್ಲಿಷಿಗೆ ಇಳಿಸಿ ಕಳಿಸಿದೆ. ನಾನು ಬರೆದ ಇಂಗ್ಲಿಷಿನಲ್ಲಿ ಅಷ್ಟು ನೇರವಾದದ್ದು ಮತ್ತೊಂದಿಲ್ಲ.

ಎರಡು ದಿನ ಗಳಿಗೆಗೊಮ್ಮೆ ಮೇಲ್ ತೆಗೆದು ನೋಡಿದೆ. ಆಮೇಲೆ ಒಬ್ಬ ಹೆಣ್ಣುಮಗಳ ಉತ್ತರ ಬಂತು: ಖಾತೆ ತೆರೆದಿದ್ದೇವೆ, ಇನ್ನು ಮುಂದೆ ದಯವಿಟ್ಟು ಬೇಕಾದದ್ದನ್ನು ಮೊದಲು ತೆಗೆದುಕೊಳ್ಳಿ. ಓದಿ ಹೇಳಿದೆ. ಮಾವನವರು ತುಸು ಯೋಚಿಸಿ, "ಛಲೋ ಹೆಣ್ಣಮಗಳು. ಆದ್ರ ಹೊಲಾ ಮಾಡಿಲ್ಲ, ಕಾಣತೈತಿ" ಎಂದರು.

ಆ ಕ್ಷಣವೇ ಲೇಖನ ಇಳಿಸಿಕೊಂಡೆ. ಮೊದಲ ಪುಟದ ಆ "ಆದರೆ"ಯ ಮುಂದೆ ಹೀಗಿತ್ತು: ಕುರಿ ತರುಬುವುದರ ಬಗ್ಗೆ ಹೊಲದವರ ಮಾತು ನಮಗೆ ಸಿಕ್ಕಿದೆ, ಕುರಿಯವರ ಮಾತನ್ನು ಯಾರೂ ಕೇಳಿ ಬರೆದಿಲ್ಲ.

ಪಕ್ಕಕ್ಕೆ ತಿರುಗಿ ನೋಡಿದೆ. ಮಾವನವರು ಕಿಟಕಿಯಿಂದ ನೆಟ್ಟಿನ ಕಡ್ಡಿ ಬಿಚ್ಚುತ್ತಿದ್ದರು. "ಮಾವಾರ, ಕುಂದರ್ರಿ ಸ್ವಲ್ಪ" ಎಂದೆ. ಅವರು ಹೇಳುತ್ತ ಹೋದರು, ಅತ್ತೆ ನಡುನಡುವೆ ತಿದ್ದುತ್ತ ಹೋದರು. ಅಧ್ಯಾಯ ಆ ಮಳೆಗಾಲದಲ್ಲೇ ಮುಗಿಯಿತು. ಸಹಿಯೂ ಬಿತ್ತು.

ಅದರದೊಂದು ತುಣುಕು ಲೇಖನವಾಗಿ ಈಗ ಅದೇ ಭಂಡಾರದಲ್ಲಿದೆ, ಬೀಗದ ಹಿಂದೆ. ಇವತ್ತು ನೀರಿನ ವಾಸನೆಯ ಜೊತೆಗೇ ಒಂದು ಮೇಲ್ ಬಂತು. ಮುಧೋಳದ ಹುಡುಗಿಯೊಬ್ಬಳು ಸಂಶೋಧನೆ ಮಾಡುತ್ತಿದ್ದಾಳಂತೆ. ಮೊದಲ ಪುಟ ಮಾತ್ರ ಕಾಣುತ್ತಿದೆ ಮೇಡಂ, ಉಳಿದದ್ದು ಕಳಿಸುವಿರಾ ಎಂದು ಕೇಳಿದ್ದಾಳೆ. ಸಲಿಕೆ ಹಿಡಿದು ಹೊಲಕ್ಕೆ ಹೊರಟಿದ್ದ ಮಾವನವರಿಗೆ ಓದಿ ಹೇಳಿದೆ. ಅವರಿಗೀಗ ವಯಸ್ಸಾಗಿದೆ, ಆದರೂ ಪಾಳಿಯ ದಿನ ಮನೆಯಲ್ಲಿ ನಿಲ್ಲುವವರಲ್ಲ.

"ಎಲ್ಲಿಗಿ ನಿಂತೈತಂತ ಅಕಿಗಿ?"

ತೆಗೆದು ನೋಡಿದೆ. "ಚಿಮ್ಮಡದ ಹಿರಿಯರೊಬ್ಬರು ಹೇಳುವಂತೆ" ಎಂಬಲ್ಲಿ ಪುಟ ಮುಗಿದಿತ್ತು.

ಮಾವನವರು ಸಲಿಕೆಗೆ ಆತು ನಿಂತು ಬಹಳ ಹೊತ್ತು ನಕ್ಕರು. "ಅಂದ್ರ ಇಷ್ಟ ವರ್ಷ ನಾ ಅಲ್ಲೇ ಬಾಯಿ ತಗದಕೊಂಡ ನಿಂತೇನಿ. ಬಿಟ್ಟಕೊಡ ಯವ್ವಾ. ಇವತ್ತ ಅಕಿ ಪಾಳಿ."

ಅವರು ತುದಿಯ ಮಡಿಯ ಕಡೆ ನಡೆದರು. ನಾನು ಒಲೆಯ ಮೇಲಿನ ಚಹಾ ಇಳಿಸುವ ಮೊದಲೇ ಲೇಖನ ಕಳಿಸಿದೆ.