ಮರೆತಿರಬೇಕಾದ ಅಡುಗೆ

ದೇವದುರ್ಗದ ಬಸ್ಸಿಗೆ ಇನ್ನೂ ಹೊತ್ತಿದ್ದುದರಿಂದ, ಮಾನ್ವಿಯಲ್ಲಿ ಆಹಾರ ಜಾಗೃತಿ ಮೇಳದ ಶಾಮಿಯಾನದ ನೆರಳಿಗೆ ಹೋಗಿ ನಿಂತೆ. ಒಳಗೆ ‘ಮರೆತುಹೋದ ಅಡುಗೆ’ ಸ್ಪರ್ಧೆ ನಡೆದಿತ್ತು. ಬಹುಮಾನದ ಕುಕ್ಕರು ವೇದಿಕೆಯ ಮೇಲೆ, ಅಧ್ಯಕ್ಷರ ಕುರ್ಚಿಯಲ್ಲೇ ವಿರಾಜಮಾನವಾಗಿತ್ತು.

ಚೀಕಲಪರ್ವಿಯಿಂದ ಬಂದಿದ್ದ ಹುಲಿಗೆವ್ವ ಸಜ್ಜೆ ರೊಟ್ಟಿ, ಪುಂಡಿಪಲ್ಯ ಮುಂದಿಟ್ಟುಕೊಂಡು, ಆ ಕುಕ್ಕರಿನಿಂದ ಕಣ್ಣು ಕೀಳದೆ ಕೂತಿದ್ದಳು. ಮೂವರು ತೀರ್ಪುಗಾರರು ಒಂದೊಂದು ರೊಟ್ಟಿಯನ್ನು ಕೂಲಂಕಷವಾಗಿ ಪರಿಶೀಲಿಸಿ ನುಂಗಿ, ಮೊದಲ ಬಹುಮಾನ ಇದಕ್ಕೇ ಎಂದು ತಲೆಯಾಡಿಸಿದರು. ಅವರಲ್ಲಿ ಹಿರಿಯರಾದ ನಿವೃತ್ತ ಮಾಸ್ತರರು ನಮೂನೆ ತುಂಬಲು ಪೆನ್ನು ತೆಗೆದರು.

“ಇದನ್ನ ಕಡೀಗೆ ಯಾವಾಗ ಮಾಡಿದ್ದಿ, ಯವ್ವಾ?”

“ನಿನ್ನಿ ಮಾಡಿದ್ನಿರೀ. ಮೊನ್ನಿನೂ ಇದನ್ನಾ ಉಂಡೀವಿ.”

ಪೆನ್ನು ನಿಂತಿತು. ನಿಯಮದ ಪ್ರಕಾರ ಅಡುಗೆಯು ಮರೆತುಹೋಗಿರತಕ್ಕದ್ದು.

“ಹಂಗಂದ್ರ ಬಹುಮಾನ ಬರಂಗಿಲ್ಲವ್ವಾ. ಅಜ್ಜಿ ಕಾಲಕ್ಕ ಮಾಡ್ತಿದ್ರು, ನಾವು ಮರ್ತೀವಿ ಅನ್ನು. ಕುಕ್ಕರ್ ನಿಂದ.”

ಹುಲಿಗೆವ್ವ ಕುಕ್ಕರನ್ನು ಇನ್ನೊಮ್ಮೆ ನೋಡಿದಳು. “ದಿನಾ ಉಣ್ಣೂದನ್ನ ಮರ್ತೀನಿ ಅಂತ ಹೆಂಗ ಅನ್ಲಿರೀ, ಯಪ್ಪಾ? ನಿಮ್ ಕುಕ್ಕರ್ ನಿಮಗಾ ಇರ್ಲಿ” ಎಂದು ಉಳಿದ ರೊಟ್ಟಿಗಳನ್ನು ಬಟ್ಟೆಯಲ್ಲಿ ಕಟ್ಟತೊಡಗಿದಳು.

ಅಷ್ಟರಲ್ಲಿ ಇನ್ನೊಂದು ರೊಟ್ಟಿ ಕೈಗೆತ್ತಿಕೊಂಡಿದ್ದ ಮಾಸ್ತರರು ಗಾಬರಿಯಾದರು. “ರೊಟ್ಟೀನೂ ಒಯ್ತೀಯೇನು? ಪ್ರದರ್ಶನಕ್ಕ ಇರ್ಲಿ ಬಿಡಬೇ.”

“ಸಂಜಿ ಊಟಾರೀ ಇವು. ಮನ್ಯಾಗ ಐದು ಮಂದಿ ಅದೀವಿ.”

ಮಾಸ್ತರರು ಕೈಯಲ್ಲಿದ್ದ ರೊಟ್ಟಿಯನ್ನು ಮುರಿಯದಂತೆ, ಎರಡೂ ಕೈಯಿಂದ, ಅವಳ ಗಂಟಿನೊಳಗೆ ಇಟ್ಟರು.