ಮೂಸಿದ ಮೀಸಲು

ನಿನ್ನೆ ಸೊಸೆ ಬೆಣ್ಣೆ ಕಾಯಿಸುತ್ತಿದ್ದಳು. ಘಮ್ಮೆಂದು ವಾಸನೆ ಬಂದದ್ದೇ ತಡ, ಎದ್ದು ಹಿತ್ತಲಿಗೆ ಹೋಗಿಬಿಟ್ಟೆ. ನಲವತ್ತು ವರ್ಷದ ಮೇಲಾಯಿತು, ನನಗಿನ್ನೂ ನನ್ನ ಮೂಗಿನ ಮೇಲೇ ಸಿಟ್ಟು.

ಎಪ್ಪತ್ತರ ದಶಕದ ಕೊನೆ. ತುಮಕೂರಿನಿಂದ ಹೋಗಿ ಶಿರಾ ಬಳಿಯ ತಾವರೆಕೆರೆಯಲ್ಲಿ ಹೊಸ ಟೀಚರಾಗಿದ್ದೆ. ಪಕ್ಕದ ಗೊಲ್ಲರ ಮನೆಯ ಅಜ್ಜಿ ದಿನಾ ಹಾಲು ಕೊಡುತ್ತಿದ್ದರು. ಅವರ ಅಡುಗೆಮನೆಯ ನೆಲುವಿನಲ್ಲಿ ಒಂದು ಮಡಕೆ ತೂಗುತ್ತಿತ್ತು. ಮೀಸಲು ತುಪ್ಪ! ಎರಡು ಕೂಸು ಕಳೆದುಕೊಂಡಿದ್ದ ಮಗಳಿಗೆ ಮೂರನೆಯದು ಉಳಿದಿತ್ತು. ಅದು ಉಳಿಯಲೆಂದು ಹೊತ್ತಿದ್ದ ಹರಕೆ ತೀರಿಸಲು ಒಂದೇ ಹಸುವಿನ ಬೆಣ್ಣೆ ಕಾಯಿಸಿ, ಆರು ತಿಂಗಳಿಂದ ಮನೆದೇವರಿಗೆಂದು ಕೂಡಿಡುತ್ತಿದ್ದರು.

ನನಗೋ ಪದಗಳ ಹುಚ್ಚು. ನಿಘಂಟು ತೆಗೆದರೆ ಮೀಸಲು ಎಂದರೆ ಶುದ್ಧವಾದುದು, ಮುಡಿಪು ಎಂದಷ್ಟೇ ಇತ್ತು. ಸುಡುಗಾಡು, ಅದರಿಂದ ಏನು ತಿಳಿಯಬೇಕು? ಮೀಯುವುದರಿಂದಲೇ ಹುಟ್ಟಿದ ಮಾತಿರಬೇಕೆಂದು ನಾನೇ ತೀರ್ಮಾನಿಸಿ ಅಜ್ಜಿಗೆ ಹೇಳಿದೆ.

"ಮಿಂದ್ಬುಟ್ರೆ ಮೀಸ್ಲಾಯ್ತದಾ? ಎಮ್ಮೆ ದಿನಾ ಕೆರೇಲಿ ಬಿದ್ದಿರ್ತದೆ, ಅದೂ ಮೀಸ್ಲಾ?" ಎಂದು ನಕ್ಕರು.

"ಹಾಗಾದ್ರೆ ಏನಜ್ಜಿ?"

"ಮೀಸ್ಲು ಅಂದ್ರೆ ಮೀಸ್ಲು ಕಣವ್ವ."

ಎಷ್ಟು ಸಲ ಕೇಳಿದರೂ ಅದೇ ಉತ್ತರ. ತಲೆ ಚಚ್ಚಿಕೊಳ್ಳುವಂತಾಗುತ್ತಿತ್ತು.

ದೇವರಿಗೆ ಒಯ್ಯುವ ಹಿಂದಿನ ದಿನ ಮಡಕೆ ಇಳಿಸಿ, ಬಾಯಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿದರು. ನಾನು ಮಿಂದು, ಒಗೆದ ಸೀರೆಯುಟ್ಟೇ ಹೋಗಿದ್ದೆ. ಮುಟ್ಟಲೂ ಇಲ್ಲ. ಸುಮ್ಮನೆ ಬಗ್ಗಿ ಮೂಗು ತುಂಬ ಎಳೆದುಕೊಂಡೆ.

"ಆಹಾ, ಬಾಯಲ್ಲಿ ನೀರೂರುತ್ತೆ ಅಜ್ಜಿ!"

ಅಜ್ಜಿಯ ಕೈ ಅಲ್ಲೇ ನಿಂತಿತು. "ಮೂಸ್ಬುಟ್ಟೆಯಲ್ಲವ್ವಾ... ದೇವ್ರಿಗಿಂತ ಮುಂಚೆ ಆಸೆಪಟ್ಬುಟ್ಟೆ."

ಬೈಯಲಿಲ್ಲ. ಮಡಕೆಯನ್ನು ನನ್ನ ಕೈಗೇ ಕೊಟ್ಟರು. "ಇನ್ನು ಇದು ದೇವ್ರಿಗೆ ಬರಾಕಿಲ್ಲ. ನೀನೇ ಉಣ್ಣು, ಹೋಗು."

ತೊಳೆಯುವುದೂ ಅಲ್ಲ, ಮುಟ್ಟದಿರುವುದೂ ಅಲ್ಲ... ಯಾರ ಆಸೆಯೂ ತಾಗದ್ದು ಮೀಸಲು. ಇಷ್ಟನ್ನು ಮೊದಲೇ ಬಾಯಿಬಿಟ್ಟು ಹೇಳಬಾರದಿತ್ತೇ ಆ ಮಹಾರಾಯಿತಿ? ಛೆ, ಅವರ ಮೇಲೇಕೆ ಹಾಕಲಿ. ಚಿಕ್ಕ ಮಕ್ಕಳಿಗೂ ಗೊತ್ತಿದ್ದದ್ದು ನನಗೆ ಗೊತ್ತಿರಲಿಲ್ಲ, ಅಷ್ಟೆ.

ಮರುದಿನವೇ ಅಜ್ಜಿ ಹೊಸ ಮಡಕೆಯನ್ನು ನೆಲುವಿಗೇರಿಸಿದರು. ಅದು ಅರ್ಧ ತುಂಬುವ ಹೊತ್ತಿಗೆ ತೀರಿಕೊಂಡರು. ಹರಕೆ ಉಳಿದೇ ಹೋಯಿತು...

"ಅತ್ತೆ, ತುಪ್ಪ ಹದವಾಗಿದೆಯಾ, ಒಂಚೂರು ಮೂಸಿ ನೋಡಿ," ಎಂದು ನಿನ್ನೆ ಸೊಸೆ ಹಿತ್ತಲಿಗೇ ಪಾತ್ರೆ ತಂದಳು. ನೀನೇ ನೋಡಿಕೋ ಎಂದು ರೇಗಿದೆ. ಪಾಪ, ಅವಳಿಗೇನು ಗೊತ್ತು. ಅಂದು ಅಜ್ಜಿ ಕೊಟ್ಟ ಮಡಕೆಯ ತುಪ್ಪವನ್ನು ಚೆಲ್ಲಲು ಮನಸ್ಸಾಗದೆ ಎರಡು ತಿಂಗಳು ಅನ್ನಕ್ಕೆ ಹಾಕಿಕೊಂಡು ಉಂಡೆ. ಹಾಳಾದ್ದು, ಬಲು ರುಚಿಯಾಗಿತ್ತು.