ಗಾಜಿನ ತಟ್ಟೆಯಲ್ಲಿ ಸತ್ತ ಜ್ವರ

ನೆಲಬೇವು ಕುದಿಸಿದ ಪಾತ್ರೆಯನ್ನು ಎಷ್ಟು ಉಜ್ಜಿ ತೊಳೆದರೂ ಆಮೇಲೆ ಅದರಲ್ಲಿ ಕಾಯಿಸಿದ ಹಾಲಿಗೆ ಕಹಿ ಹತ್ತುತ್ತದೆ. ಹಾಗಾಗಿ ನಮ್ಮ ಮನೆಯಲ್ಲಿ ಅದಕ್ಕೆಂದೇ ಒಂದು ಮಡಕೆಯಿದೆ, ಮಕ್ಕಳೇ. ಜ್ವರವೆಂದರೆ ನಮಗೆ ಮೊದಲು ಆ ಮಡಕೆ ನೆನಪಾಗುತ್ತದೆ, ಆಮೇಲೆ ಮಳವಳ್ಳಿಯ ಡಾಕ್ಟರು.

ನಿಮ್ಮ ದೊಡ್ಡಕ್ಕ ಪವಿತ್ರ ಮಂಡ್ಯದಲ್ಲಿ ಓದುತ್ತಾ ಇದೇ ಗಿಡದ ಸಾರ ತೆಗೆದು, ಗಾಜಿನ ತಟ್ಟೆಯಲ್ಲಿ ಮಲೇರಿಯಾ ರೋಗಾಣುಗಳನ್ನು ಬೆಳೆಸಿದ ರಕ್ತಕ್ಕೆ ಹಾಕಿ ಪರೀಕ್ಷಿಸುತ್ತಿದ್ದಾಳಲ್ಲ, ಅವಳು ಒಂದು ಭಾನುವಾರ ಊರಿಗೆ ಬಂದವಳೇ, ಚಪ್ಪಲಿ ಬಿಡುವ ಮೊದಲೇ, "ಗಾಜಿನ ತಟ್ಟೇಲಿದ್ದವೆಲ್ಲ ಸತ್ತೋದ್ವು ಕಣಜ್ಜಿ!" ಎಂದು ಕುಣಿದಳು. ಜಗುಲಿಯಲ್ಲಿ ಎಲೆಯಡಿಕೆ ಮೆಲ್ಲುತ್ತಿದ್ದ ನನ್ನ ವಾರಗಿತ್ತಿ ಪುಟ್ಟಮ್ಮನೂ ಕೇಳಿಸಿಕೊಂಡಳು.

ಆಮೇಲೆ ಮಂಗಳೂರಿನ ಮಗಳ ಮನೆಗೆ ಹೋಗಿಬಂದ ಪುಟ್ಟಮ್ಮನಿಗೆ ಚಳಿಜ್ವರ ಹಿಡಿಯಿತು. ಮಳವಳ್ಳಿಯಲ್ಲಿ ರಕ್ತ ನೋಡಿ, ಮಲೇರಿಯಾ ಎಂದು ಮಾತ್ರೆ ಕೊಟ್ಟರು. ಅವಳು ಮಾತ್ರೆಯನ್ನು ದಿಂಬಿನಡಿಗೆ ತಳ್ಳಿ ನೆಲಬೇವಿನ ಕಷಾಯ ಕುಡಿದಳಂತೆ. ಮಾರನೆಯ ದಿನ ಮೈ ತಣ್ಣಗಿತ್ತು. "ನಮ್ಮುಡ್ಗಿ ಮದ್ದು ಎಂಗೈತೆ ನೋಡ್ದಾ ಅಕ್ಕ? ಒಂದ್ ಲೋಟಕ್ಕೇ ಓಡೋಯ್ತು!" ಎಂದು ಬೀದಿಗೆಲ್ಲ ಸಾರಿದಳು. ಒಂದು ದಿನ ಬಿಟ್ಟು ಒಂದು ದಿನ ಬರುವ ಜ್ವರವದು. ಬಿಡುವಿನ ದಿನ ರೋಗಿ ಎದ್ದು ಓಡಾಡುತ್ತಾನೆ. ಅದರ ಮರುದಿನ ಕಂಬಳಿಗಳ ಮೇಲೆ ಕಂಬಳಿ ಹೊದಿಸಿದರೂ ಅವಳ ಹಲ್ಲು ಕಟಕಟಿಸುತ್ತಿತ್ತು. ಸಂಜೆಗೆ ಅವಳಿಗೆ ನನ್ನ ಗುರುತೇ ಹತ್ತಲಿಲ್ಲ.

ಸುದ್ದಿ ತಿಳಿದು ಓಡಿಬಂದ ಪವಿತ್ರ, ಹಾಸಿಗೆ ಸರಿಪಡಿಸುವಾಗ ಒಂದೂ ಬಿಚ್ಚದ ಮಾತ್ರೆಗಳನ್ನು ಕಂಡು ಅವನ್ನೆತ್ತಿ ನನ್ನ ಮುಂದೆ ಹಿಡಿದಳು. "ನಾನೇಳಿದ್ದು ತಟ್ಟೆ ವಿಚಾರ ಕಣಜ್ಜಿ! ಮನುಸ್ರ ಮೈಯೊಳಗೆ ಏನ್ ಮಾಡ್ತದೋ ಇನ್ನೂ ಗೊತ್ತೇ ಇಲ್ಲ. ಮಾತ್ರೆ ಬುಡು ಅಂದೋರ್ಯಾರು?"

ಯಾರೂ ಅಂದಿರಲಿಲ್ಲ. ಅವಳಿಗೆ ಅದು ಪ್ರಯೋಗದ ಮೊದಲ ಮೆಟ್ಟಿಲಾಗಿತ್ತು, ನಮಗೆ ಮದ್ದೇ ಕೈಗೆ ಬಂದಂತಾಗಿತ್ತು. ಮಂಡ್ಯದ ಆಸ್ಪತ್ರೆಗೆ ಹೋಗುವ ಕಾರಿನಲ್ಲಿ ಪುಟ್ಟಮ್ಮನ ಸುಡುವ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ನಾನು ಬೆಚ್ಚಿ ಕುಳಿತಿದ್ದೆ. ನಮ್ಮತ್ತೆಯ ಕಾಲದಿಂದ ಕಷಾಯಕ್ಕೆ ಇಳಿದವೆಂದು ನಂಬಿದ ಜ್ವರಗಳಲ್ಲಿ ಎಷ್ಟು ನಿಜಕ್ಕೂ ಇಳಿದಿದ್ದವು, ಎಷ್ಟು ಬರಿದೇ ಒಂದು ದಿನ ಬಿಡುವು ಕೊಟ್ಟಿದ್ದವು? ಕೇಳೋಣವೆಂದರೆ ಆ ಜ್ವರಗಳನ್ನು ಕಂಡ ಮನೆಗಳ ಹಿರಿಯರು ಯಾರೂ ಉಳಿದಿಲ್ಲ.

ಪುಟ್ಟಮ್ಮ ಉಳಿದಳು. ಕಣ್ಣು ಬಿಟ್ಟವಳಿಗೆ ಪವಿತ್ರ ಮಾತ್ರೆ ನುಂಗಿಸಲು ಬಂದಾಗ, "ತಾ ಕಣವ್ವ ಮಾತ್ರೇನ. ನಿನ್ನ ತಟ್ಟೆಗೆ ಜ್ವರ ಬಂದಾಗ ಅದ್ಕೆ ಕಸಾಯ ಕುಡ್ಸೀವಂತೆ" ಎಂದಳು.

ಪಕ್ಕದ ಮಂಚದವರೂ ನಕ್ಕರು. ಪವಿತ್ರ ನಗಲಿಲ್ಲ. ಪುಟ್ಟಮ್ಮ ಮಾತ್ರೆ ನುಂಗಿ ನೀರು ಕುಡಿಯುವವರೆಗೂ ಲೋಟ ಹಿಡಿದು ನಿಂತಳು. ಆಮೇಲೆ ದಿಂಬನ್ನೆತ್ತಿ ಅದರಡಿಯನ್ನೂ ನೋಡಿದಳು.